ಎಲ್ಲ ಮಕ್ಕಳ ಅಂಗಳ: ಶಿಶುಶಿಕ್ಷಕಿಯರ ತರಬೇತಿಯಲ್ಲಿ ಸಮಾನತೆಯ ಪಾಠ

ಮಗು ಮನೆಯ ಹೊಸ್ತಿಲು ದಾಟಿ ಮೊದಲ ಬಾರಿಗೆ ಸೇರುವ ಸಾರ್ವಜನಿಕ ಸ್ಥಳ ಅಂಗನವಾಡಿ ಅಥವಾ ಬಾಲವಾಡಿ. ತನ್ನ ಮಾತು ಇತರರಿಗೆ ಅರ್ಥವಾಗುತ್ತದೆಯೇ, ತನ್ನನ್ನು ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆಯೇ, ಊಟದ ಸಾಲಿನಲ್ಲಿ ತನಗೆ ಎಲ್ಲಿ ಸ್ಥಳ ಎಂಬುದನ್ನು ಮಗು ಅಲ್ಲಿ ತಿಳಿದುಕೊಳ್ಳುತ್ತದೆ. ಅಕ್ಷರ ಹಾಗೂ ಅಂಕಿಗಳಿಗಿಂತ ಮೊದಲೇ ಕಲಿಯುವ ಈ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಅಚ್ಚಾಗಿರುವುದಿಲ್ಲ. ಶಿಕ್ಷಕಿಯ ದೃಷ್ಟಿ, ಧ್ವನಿ ಮತ್ತು ನಡವಳಿಕೆಗಳೇ ಅದರ ಪುಟಗಳು.

ಆದುದರಿಂದ ಶಿಶುಶಿಕ್ಷಕಿಯರ ತರಬೇತಿಯೆಂದರೆ ಹಾಡು, ಆಟ ಮತ್ತು ಚಿತ್ರಪಟಗಳ ಪರಿಚಯವಷ್ಟೇ ಆದರೆ ಸಾಲದು. ಬೇರೆ ಬೇರೆ ಭಾಷೆ, ಜಾತಿ, ಧರ್ಮ ಮತ್ತು ಆರ್ಥಿಕ ಸ್ಥಿತಿಯ ಕುಟುಂಬಗಳಿಂದ ಬರುವ ಮಕ್ಕಳೆಲ್ಲರಿಗೂ ಕಲಿಕೆಯ ಬಾಗಿಲು ಸಮನಾಗಿ ತೆರೆದಿರುವಂತೆ ನೋಡಿಕೊಳ್ಳುವ ಸಾಮರ್ಥ್ಯವನ್ನೂ ಅದು ಬೆಳೆಸಬೇಕಾಗುತ್ತದೆ. ಉದ್ಯೋಗವನ್ನರಸಿ ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ತೀರ ಹತ್ತಿರದ್ದು.

ಅಂಗಳಕ್ಕೆ ಬಂದ ಶಾಲೆ

ನಮ್ಮ ದೇಶದಲ್ಲಿ ಈ ವಿಚಾರ ಹೊಸದೇನಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರೊಡನೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಅವರು ಮುಂದೆ ಈ ಶಿಕ್ಷಣ ಪಟ್ಟಣದ ಅನುಕೂಲಸ್ಥ ಕುಟುಂಬಗಳ ಮಕ್ಕಳಿಗೆ ಮಾತ್ರ ಮೀಸಲಾಗಬಾರದೆಂದು ಹಳ್ಳಿಯ ಕಡೆಗೆ ತಿರುಗಿದರು. 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಊರಿನಲ್ಲಿ ಗ್ರಾಮೀಣ ಬಾಲಶಿಕ್ಷಣ ಕೇಂದ್ರ ಆರಂಭವಾಯಿತು. ಅನುತಾಯಿ ವಾಘ್ ಅವರು ಅಲ್ಲಿ ತಾರಾಬಾಯಿಯವರ ಸಹೋದ್ಯೋಗಿಯಾದರು. 1957ರಲ್ಲಿ ಕೇಂದ್ರವು ಸಮೀಪದ ಕೋಸಬಾಡ ಗುಡ್ಡಕ್ಕೆ ಸ್ಥಳಾಂತರಗೊಂಡಿತು.

ಬೋರ್ಡಿಯಲ್ಲಿ ಬಾಲವಾಡಿಯ ಬಾಗಿಲು ಎಲ್ಲರಿಗೂ ತೆರೆದಿದ್ದರೂ ದಲಿತ ಕೇರಿಯ ಮತ್ತು ಆದಿವಾಸಿ ಪಾಡಗಳ ಮಕ್ಕಳು ಬರುತ್ತಿರಲಿಲ್ಲ. ದೊಡ್ಡ ಕಟ್ಟಡದ ಅಂಜಿಕೆ, ಮೈಮೇಲೆ ಸರಿಯಾದ ಬಟ್ಟೆಯಿಲ್ಲದ ಸಂಕೋಚ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಇವೆಲ್ಲ ಅವರನ್ನು ತಡೆದಿದ್ದವು. ಆಗ ಶಿಕ್ಷಕಿಯರೇ ಅವರ ಮನೆಗಳ ಅಂಗಳಕ್ಕೆ ಹೋದರು. ಮಕ್ಕಳ ಕೈಕಾಲು ತೊಳೆದು, ತಲೆ ಬಾಚಿ, ಅಲ್ಲಿಯೇ ಆಟಪಾಠಗಳನ್ನು ಆರಂಭಿಸಿದರು. ದುಬಾರಿ ಉಪಕರಣಗಳ ಸ್ಥಾನದಲ್ಲಿ ಬೆಣಚುಕಲ್ಲು, ಕಪ್ಪೆಚಿಪ್ಪು, ಎಲೆ ಮತ್ತು ಬೀಜಗಳು ಬಂದವು. ಕೋಸಬಾಡದಲ್ಲಿ ದನ ಮೇಯಿಸುವ ವಾರ್ಲಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ಮರಾಠಿಯಲ್ಲಿ 'ಅಂಗಣ'ವೆಂದರೆ ಅಂಗಳ. 'ಅಂಗನವಾಡಿ' ಎಂಬ ಹೆಸರು ಈ ಪ್ರಯೋಗದಿಂದಲೇ ಮೂಡಿ ಬಂತು.

ಕೋಸಬಾಡದ ಅನುಭವದಲ್ಲಿ ತರಬೇತಿಗೆ ಸಂಬಂಧಿಸಿದ ಒಂದು ಮುಖ್ಯ ತತ್ತ್ವವಿದೆ. ಮಗು ಬಾರದಿದ್ದಾಗ ದೋಷವನ್ನು ಮಗುವಿನಲ್ಲಿ ಅಥವಾ ಅದರ ಮನೆಯಲ್ಲಿ ಹುಡುಕುವ ಮೊದಲು, ಶಾಲೆಯ ಕ್ರಮದಲ್ಲಿ ಏನು ಬದಲಾಗಬೇಕೆಂದು ಶಿಕ್ಷಕಿ ಕೇಳಿಕೊಳ್ಳಬೇಕು. ಮುಂದಿನ ಎಲ್ಲ ಚರ್ಚೆಗೂ ಇದೇ ತಳಹದಿ.

ಸಂವಿಧಾನ ಮತ್ತು ನೀತಿ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕ್ಷೇತ್ರಗಳಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ 100 ಅಂಗನವಾಡಿ ಕೇಂದ್ರಗಳೊಂದಿಗೆ ಇದು ಜಾರಿಗೆ ಬಂತು. ಇಂದು ದೇಶದಲ್ಲಿ ಸುಮಾರು 14 ಲಕ್ಷ ಕೇಂದ್ರಗಳಿವೆ. ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆರೋಗ್ಯ ಕೇಂದ್ರಗಳಿಗೆ ಕಳುಹಿಸುವ ಸೇವೆ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಹಾಗೂ ಶಾಲಾಪೂರ್ವ ಶಿಕ್ಷಣ ಇವು ಯೋಜನೆಯ ಆರು ಸೇವೆಗಳು.

2002ರಲ್ಲಿ ಆದ ಸಂವಿಧಾನದ 86ನೆಯ ತಿದ್ದುಪಡಿಯ ಮೂಲಕ, ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಆರೈಕೆ ಮತ್ತು ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು 45ನೆಯ ಅನುಚ್ಛೇದ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಕಲ್ಪಿಸಲು ಪ್ರಯತ್ನಿಸಬೇಕೆಂಬುದು 350-ಎ ಅನುಚ್ಛೇದದ ಆಶಯ. ಅಂಗನವಾಡಿ ಎಲ್ಲಿರಬೇಕೆಂಬುದೂ ಸಮಾನತೆಯ ಪ್ರಶ್ನೆಯೇ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಗ್ರಾಮೀಣ ವಸತಿಗಳು ಮತ್ತು ಕೊಳೆಗೇರಿಗಳ ನಿವಾಸಿಗಳು ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಕೇಂದ್ರವನ್ನು ಪಡೆಯಲು ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರಿನಲ್ಲಿ ಆದೇಶಿಸಿತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗಗಳ ವಸತಿಗಳಿಗೆ ಆದ್ಯತೆ ನೀಡಬೇಕೆಂದೂ ಅದು ಸೂಚಿಸಿತ್ತು.

2013ರಲ್ಲಿ ಬಾಲ್ಯಪೂರ್ವ ಆರೈಕೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿ ರೂಪುಗೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೆಯ ವರ್ಷದಿಂದಲೇ ಶಿಕ್ಷಣದ ಬುನಾದಿ ಹಂತವನ್ನು ಗುರುತಿಸಿತು. ಹನ್ನೆರಡನೆಯ ತರಗತಿ ಅಥವಾ ಅದಕ್ಕಿಂತ ಹೆಚ್ಚು ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರ ಶಿಕ್ಷಣ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ನೀಡಬೇಕೆಂದು ಈ ನೀತಿ ಹೇಳುತ್ತದೆ. 2023ರ ಮೇ ತಿಂಗಳಲ್ಲಿ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ ಆರಂಭವಾಯಿತು. ಇದರ ಮೊದಲ ಸುತ್ತಿನಲ್ಲಿ ಕಾರ್ಯಕರ್ತೆಯರಿಗೆ ಮೂರು ದಿನಗಳ ತರಬೇತಿ ನಿಗದಿಯಾಯಿತು. 2024ರಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗಾಗಿ 'ಆಧಾರಶಿಲಾ' ಎಂಬ ರಾಷ್ಟ್ರೀಯ ಪಠ್ಯಕ್ರಮವೂ ಮೂರು ವರ್ಷದೊಳಗಿನ ಶಿಶುಗಳಿಗಾಗಿ 'ನವಚೇತನಾ' ಎಂಬ ಮಾರ್ಗದರ್ಶಿಯೂ ಹೊರಬಂದವು.

ಹೀಗೆ ಕಾನೂನು ಹಾಗೂ ನೀತಿಗಳಲ್ಲಿ ದಾರಿ ಸ್ಪಷ್ಟವಾಗಿದೆ. ಆದರೆ ನೀತಿಯು ಮಗುವಿನ ಬಳಿಗೆ ತಲುಪುವುದು ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಮೂಲಕ. ಅವರ ತರಬೇತಿಯಲ್ಲಿ ಏನಿರಬೇಕೆಂಬುದು ಈ ಪಾಠದ ಮುಖ್ಯ ವಿಷಯ.

ಏಕರೂಪತೆ ಮತ್ತು ಸಮಾನತೆ

'ನಮ್ಮ ಕೇಂದ್ರದಲ್ಲಿ ಭೇದಭಾವವಿಲ್ಲ, ಎಲ್ಲ ಮಕ್ಕಳಿಗೂ ಒಂದೇ ರೀತಿ ಕಲಿಸುತ್ತೇವೆ' ಎಂಬ ಮಾತು ತರಬೇತಿ ಶಿಬಿರಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಮಾತಿನ ಹಿಂದಿನ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೂ ಒಂದೇ ರೀತಿ ಕಲಿಸುವುದರಿಂದ ಎಲ್ಲರಿಗೂ ಒಂದೇ ಪ್ರಯೋಜನ ದೊರೆಯುತ್ತದೆಯೇ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಒಂದು ಉದಾಹರಣೆಯನ್ನು ನೋಡಬಹುದು. ಕಟ್ಟಡ ಕೆಲಸಕ್ಕಾಗಿ ಯಾದಗಿರಿ ಜಿಲ್ಲೆಯಿಂದ ಪುಣೆಗೆ ಬಂದ ಕುಟುಂಬದ ನಾಲ್ಕು ವರ್ಷದ ಮಗು ಅಲ್ಲಿಯ ಅಂಗನವಾಡಿಗೆ ಸೇರಿದೆ ಎಂದುಕೊಳ್ಳೋಣ. ಕಾರ್ಯಕರ್ತೆ ಮರಾಠಿಯಲ್ಲಿ ಕಥೆ ಹೇಳಿ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ ಕೇಳುತ್ತಾಳೆ. ಇತರ ಮಕ್ಕಳು ಉತ್ತರಿಸುತ್ತಾರೆ. ಈ ಮಗು ಸುಮ್ಮನಿರುತ್ತದೆ. ಕೆಲವು ದಿನಗಳ ನಂತರ ಪ್ರಶ್ನೆ ಅದರ ಬಳಿಗೆ ಬರುವುದೇ ನಿಲ್ಲುತ್ತದೆ. 'ಈ ಮಗು ಮಂದ' ಎಂಬ ಅಭಿಪ್ರಾಯ ಯಾರೂ ಬಾಯಿಬಿಟ್ಟು ಹೇಳದೆಯೇ ನೆಲೆಯೂರುತ್ತದೆ. ಅದೇ ಮಗು ಮನೆಯಲ್ಲಿ ತಂಗಿಗೆ ಕಥೆ ಹೇಳುತ್ತದೆ, ಒಗಟು ಬಿಡಿಸುತ್ತದೆ, ಅಂಗಡಿಯಿಂದ ಚಿಲ್ಲರೆ ಎಣಿಸಿ ತರುತ್ತದೆ. ಅದರ ಬುದ್ಧಿಯನ್ನು ಕಾಣುವ ಕಿಟಕಿ ಕೇಂದ್ರದಲ್ಲಿ ತೆರೆದಿರಲಿಲ್ಲವಷ್ಟೆ.

ಆದುದರಿಂದ ಸಮಾನತೆಯೆಂದರೆ ಪ್ರತಿಯೊಂದು ಮಗುವಿಗೂ ಅದು ಇರುವ ಸ್ಥಳದಿಂದ ಮುಂದಕ್ಕೆ ಹೆಜ್ಜೆಯಿಡಲು ಬೇಕಾದ ಆಸರೆಯನ್ನು ಒದಗಿಸುವುದು. ಆಸರೆ ಬೇರೆ ಬೇರೆಯಾಗಿರಬಹುದು. ಗೌರವ ಮಾತ್ರ ಒಂದೇ ಆಗಿರಬೇಕು.

ಮೊದಲ ಅಭ್ಯಾಸ: ತನ್ನನ್ನು ತಾನು ಗಮನಿಸುವುದು

ಪಕ್ಷಪಾತವು ಬಹುಮಟ್ಟಿಗೆ ನಮಗೆ ಅರಿವಿಲ್ಲದಂತೆಯೇ ನಡೆಯುತ್ತದೆ. 'ಪಕ್ಷಪಾತ ಮಾಡಬೇಡಿ' ಎಂಬ ಉಪದೇಶದಿಂದ ಅದು ಹೋಗುವುದಿಲ್ಲ. ತನ್ನ ನಡವಳಿಕೆಯನ್ನು ತಾನೇ ಲೆಕ್ಕವಿಟ್ಟು ನೋಡುವುದು ಹೆಚ್ಚು ಫಲಕಾರಿ.

ಇದಕ್ಕೆ ಸರಳವಾದ ಒಂದು ಕ್ರಮವಿದೆ. ಮಕ್ಕಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಮಾತುಕತೆಯ ವೇಳೆಯಲ್ಲಿ ಶಿಕ್ಷಕಿ ಯಾವ ಮಗುವನ್ನು ಹೆಸರು ಹಿಡಿದು ಕರೆದಳು, ಯಾವುದಕ್ಕೆ ಪ್ರಶ್ನೆ ಕೇಳಿದಳು, ಯಾವುದನ್ನು ಹೊಗಳಿದಳು, ಯಾವುದನ್ನು ಗದರಿದಳು ಎಂಬುದನ್ನು ಸಹಾಯಕಿ ಅಥವಾ ಮೇಲ್ವಿಚಾರಕಿ ಗೆರೆ ಎಳೆದು ಗುರುತಿಸಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಹೀಗೆ ಗುರುತಿಸಿದರೆ ಸಾಕು. ಯಾವ ಹೆಸರಿನ ಮುಂದೆ ಒಂದು ಗೆರೆಯೂ ಇಲ್ಲವೋ ಆ ಮಗುವಿನ ಮನೆ ಯಾವುದು, ಅದು ಎಲ್ಲಿ ಕೂರುತ್ತದೆ, ಮನೆಯಲ್ಲಿ ಯಾವ ಮಾತನ್ನಾಡುತ್ತದೆ ಎಂಬುದನ್ನು ಕಾರ್ಯಕರ್ತೆ ತಾನೇ ಬರೆದುಕೊಳ್ಳಬೇಕು. ಈ ಹಾಳೆಯನ್ನು ತಪ್ಪು ಹಿಡಿಯುವ ದಾಖಲೆಯನ್ನಾಗಿ ಬಳಸಬಾರದು. ಶಿಕ್ಷಕಿಯ ಕಣ್ಣಿಗೆ ಬೀಳದೆ ಹೋದುದನ್ನು ತೋರಿಸುವ ಕನ್ನಡಿಯಂತೆ ಅದು ಉಪಯೋಗಕ್ಕೆ ಬರಬೇಕು.

ತರಬೇತಿ ಶಿಬಿರದಲ್ಲಿ ನಡೆಸಬಹುದಾದ ಇನ್ನೊಂದು ಅಭ್ಯಾಸವೂ ಪರಿಣಾಮಕಾರಿಯಾದುದು. ಶಿಬಿರಾರ್ಥಿಗಳಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ ಹತ್ತು ನಿಮಿಷ ಪಾಠ ಹೇಳಿ, ಅದೇ ಭಾಷೆಯಲ್ಲಿ ಸೂಚನೆ ಕೊಟ್ಟು, ಪಾಲಿಸದವರನ್ನು ನಯವಾಗಿ ಗದರಿಸಬೇಕು. ಅನಂತರ ಅದೇ ಪಾಠವನ್ನು ಚಿತ್ರ, ಅಭಿನಯ, ವಸ್ತುಗಳ ಸಹಾಯದಿಂದ ಮತ್ತು ನಡುನಡುವೆ ತಿಳಿದ ಭಾಷೆಯ ಪದಗಳಿಂದ ಮತ್ತೊಮ್ಮೆ ಹೇಳಬೇಕು. ಮೊದಲ ಹತ್ತು ನಿಮಿಷಗಳಲ್ಲಿ ಉಂಟಾದ ಗಾಬರಿ, ನಾಚಿಕೆ, ಬೇಸರಗಳನ್ನು ಶಿಬಿರಾರ್ಥಿಗಳು ತಾವೇ ಹೇಳುವಂತಾದಾಗ, ಮನೆಮಾತಿನ ಬಗೆಗೆ ದೀರ್ಘ ಉಪನ್ಯಾಸದ ಅಗತ್ಯ ಬೀಳುವುದಿಲ್ಲ.

ಮನೆಮಾತು ಎಂಬ ಮೆಟ್ಟಿಲು

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಮಂದಿ ಆಡುವ ಭಾಷೆಗಳು 121. ಮಹಾರಾಷ್ಟ್ರವೊಂದರಲ್ಲೇ ಕನ್ನಡ ಮಾತೃಭಾಷೆಯವರ ಸಂಖ್ಯೆ ಸುಮಾರು 10 ಲಕ್ಷ. ಹಾಗೆಂದು ಪ್ರತಿಯೊಂದು ಅಂಗನವಾಡಿಯಲ್ಲಿಯೂ ಪ್ರತಿಯೊಂದು ಭಾಷೆಯ ಶಿಕ್ಷಕಿಯನ್ನು ನೇಮಿಸುವುದು ಸಾಧ್ಯವಾಗದು. ಆದರೆ ಶಿಕ್ಷಕಿ ಮಗುವಿನ ಭಾಷೆಯಲ್ಲಿ ಪ್ರವೀಣಳಾಗದೆಯೂ ಅದಕ್ಕೆ ಸ್ಥಾನ ಕೊಡಬಲ್ಲಳು.

ಅವಶ್ಯಕ ಪದಗಳ ಪಟ್ಟಿಯಿಂದ ಇದನ್ನು ಆರಂಭಿಸಬಹುದು. ನೀರು, ಊಟ, ಹಸಿವು, ನೋವು, ಅವ್ವ, ಮನೆ, ಶೌಚಕ್ಕೆ ಹೋಗಬೇಕು, ಹೆದರಬೇಡ, ಬಾ ಎಂಬಂಥ ಇಪ್ಪತ್ತು ಮೂವತ್ತು ಮಾತುಗಳನ್ನು ಪೋಷಕರಿಂದ ಕೇಳಿ ಬರೆದುಕೊಂಡರೆ ಮೊದಲ ವಾರದ ಅಳು ಬಹಳಷ್ಟು ಕಡಿಮೆಯಾಗುತ್ತದೆ. ಬಾಯಾರಿದ ಮಗು 'ನೀರು' ಎಂದಾಗ ಅದು ಪಾಣೀ ಅಥವಾ ತಣ್ಣಿ ಎಂದು ತಿಳಿಯದೆ ಹೋದರೆ, ಮಗು ಕೇಳುವುದನ್ನೇ ಬಿಟ್ಟುಬಿಡುತ್ತದೆ.

ಪದಗಳ ಸಾಮ್ಯವೂ ಉಪಯೋಗಕ್ಕೆ ಬರುತ್ತದೆ. ಕನ್ನಡದ ಹಾಲು ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು. ಹೂವು ತಮಿಳಿನಲ್ಲಿ ಪೂ, ತೆಲುಗಿನಲ್ಲಿ ಪುವ್ವು. ಉಪ್ಪು ಮೂರು ಭಾಷೆಗಳಲ್ಲಿಯೂ ಉಪ್ಪೇ. ಕನ್ನಡದ ತುಪ್ಪ ಮರಾಠಿಯಲ್ಲಿ ತೂಪ್. ಇಂಥ ಪದಗಳಿಂದ ಪಾಠ ಆರಂಭಿಸಿದರೆ ಹೊಸ ಭಾಷೆ ಮಗುವಿಗೆ ಪರಕೀಯವೆನಿಸದು. ಗೊಂದಲ ಹುಟ್ಟಿಸುವ ಪದಗಳೂ ಇವೆ. ಮಹಾರಾಷ್ಟ್ರದಲ್ಲಿ ಶಿಕ್ಷಕಿಯನ್ನು 'ತಾಈ' ಎಂದು ಕರೆಯುವುದು ವಾಡಿಕೆ. ಅದರ ಅರ್ಥ ಅಕ್ಕ. ಕನ್ನಡದ ಮಗುವಿನ ಕಿವಿಗೆ ಅದು ತಾಯಿ ಎಂದೇ ಕೇಳಿಸಬಹುದು. ಇಂಥ ಕಡೆ ನಗದೆ ತಿಳಿಸಿ ಹೇಳುವ ತಾಳ್ಮೆ ಶಿಕ್ಷಕಿಗೆ ಬೇಕು.

ಹೊಸ ಭಾಷೆಯ ಪರಿಸರಕ್ಕೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಮಾತನಾಡದೆ ಕೇಳಿಸಿಕೊಳ್ಳುತ್ತಲೇ ಇರುವುದು ಸಹಜ. ಈ ಅವಧಿಯಲ್ಲಿ ಮಾತನಾಡುವಂತೆ ಒತ್ತಾಯಿಸುವುದಾಗಲಿ, ಮನೆಮಾತನ್ನಾಡಿದಾಗ ತಡೆಯುವುದಾಗಲಿ ಸಲ್ಲದು. ಬೆರಳು ತೋರಿಸಿ, ಚಿತ್ರ ಆರಿಸಿ, ವಸ್ತು ತಂದು ಉತ್ತರಿಸುವ ಅವಕಾಶವನ್ನು ಕೊಡಬೇಕು. ಅದೇ ಭಾಷೆಯ ಇನ್ನೊಂದು ಮಗು ಇದ್ದರೆ ಇಬ್ಬರನ್ನೂ ಒಂದೇ ಗುಂಪಿನಲ್ಲಿ ಕೂರಿಸುವುದು ಒಳ್ಳೆಯದು. ಇದೇ ವೇಳೆ ಮಗು ಮನೆಯಲ್ಲಿ ಹೇಗೆ ಮಾತನಾಡುತ್ತದೆ, ಶಬ್ದ ಬಂದ ಕಡೆಗೆ ತಿರುಗುತ್ತದೆಯೇ ಎಂದು ತಾಯಿಯನ್ನು ವಿಚಾರಿಸಬೇಕು. ಭಾಷೆ ತಿಳಿಯದ ಮೌನವನ್ನೂ ಕಿವಿ ಕೇಳಿಸದ ಮೌನವನ್ನೂ ಪ್ರತ್ಯೇಕಿಸಿ ಗುರುತಿಸುವುದು ಅತ್ಯಗತ್ಯ. ಎರಡನೆಯದಾಗಿದ್ದರೆ ಕೂಡಲೇ ವೈದ್ಯರ ಪರೀಕ್ಷೆಗೆ ಕಳುಹಿಸಬೇಕು.

ಕನ್ನಡಿಗರು ಇಲ್ಲಿ ಇನ್ನೊಂದು ಮುಖವನ್ನೂ ಗಮನಿಸಬೇಕಾಗಿದೆ. ಮುಂಬಯಿಯಲ್ಲಿ ಕನ್ನಡದ ಮಗುವಿಗೆ ಸಲ್ಲಬೇಕಾದ ಗೌರವವೇ ಕರ್ನಾಟಕದ ಅಂಗನವಾಡಿಯಲ್ಲಿ ಲಂಬಾಣಿ, ತುಳು, ಕೊಡವ, ಕೊಂಕಣಿ, ಉರ್ದು, ತೆಲುಗು ಮಾತಾಡುವ ಮಗುವಿಗೂ ಸಲ್ಲಬೇಕು. ವಿಜಯಪುರ ಜಿಲ್ಲೆಯ ತಾಂಡಾದಿಂದ ಮಹಾರಾಷ್ಟ್ರಕ್ಕೆ ಬಂದ ಮಗುವನ್ನು ದಾಖಲೆಯಲ್ಲಿ 'ಕನ್ನಡ' ಎಂದು ಬರೆದರೂ ಅದರ ಮನೆಮಾತು ಲಂಬಾಣಿಯಾಗಿರಬಹುದು. ಊರಿನ ಹೆಸರು ಕೇಳಿ ಭಾಷೆಯನ್ನು ಊಹಿಸುವ ಬದಲು, ಮನೆಯಲ್ಲಿ ಯಾವ ಮಾತನ್ನಾಡುತ್ತೀರೆಂದು ನೇರವಾಗಿ ಕೇಳುವುದನ್ನು ಶಿಕ್ಷಕಿ ರೂಢಿಸಿಕೊಳ್ಳಬೇಕು.

ಆಟ, ಹಾಡು ಮತ್ತು ಹಬ್ಬ

ಮಕ್ಕಳ ಆಟಗಳು ಭಾಷೆಯ ಗಡಿಗಳನ್ನು ಸುಲಭವಾಗಿ ದಾಟುತ್ತವೆ. ಕನ್ನಡದ ಕುಂಟೆಬಿಲ್ಲೆಗೆ ತೆಲುಗಿನಲ್ಲಿ ತೊಕ್ಕುಡುಬಿಳ್ಳ, ತಮಿಳಿನಲ್ಲಿ ಪಾಂಡಿ ಎಂಬ ಹೆಸರುಗಳಿವೆ. ಅಳಗುಳಿಮಣೆ ತಮಿಳುನಾಡಿನಲ್ಲಿ ಪಲ್ಲಾಂಗುಳಿ, ತುಳುನಾಡಿನಲ್ಲಿ ಚೆನ್ನೆಮಣೆ. ಎಣಿಕೆ, ಹಂಚಿಕೆ, ಸರದಿ ಕಾಯುವಿಕೆ ಇವೆಲ್ಲವನ್ನೂ ಈ ಆಟಗಳಿಂದ ಕಲಿಸಬಹುದು. ಸಣ್ಣ ಬೀಜಗಳನ್ನು ಬಾಯಿಗೆ ಅಥವಾ ಮೂಗಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ಚಿಕ್ಕ ಮಕ್ಕಳಿಗೆ ದೊಡ್ಡ ಗೋಲಿ ಅಥವಾ ಬಟ್ಟೆಯ ಉಂಡೆಗಳನ್ನು ಕೊಟ್ಟು, ದೊಡ್ಡವರ ಕಣ್ಣೆದುರಿನಲ್ಲೇ ಆಡಿಸಬೇಕು. ಮಕ್ಕಳ ಅಜ್ಜಿಯರನ್ನು ತಿಂಗಳಿಗೊಮ್ಮೆ ಕರೆಸಿ ಅವರವರ ಭಾಷೆಯ ಜೋಗುಳ, ಒಗಟು, ಕಥೆಗಳನ್ನು ಹೇಳಿಸಬಹುದು. ತನ್ನ ಅಜ್ಜಿ ಕೇಂದ್ರದಲ್ಲಿ ಎಲ್ಲರ ಮುಂದೆ ಕುಳಿತು ಹಾಡುವುದನ್ನು ಕಂಡ ಮಗುವಿಗೆ ಆ ಕೇಂದ್ರ ತನ್ನದೂ ಹೌದೆಂದು ತಿಳಿಯುತ್ತದೆ.

ಸಂಸ್ಕೃತಿಯ ಪರಿಚಯವೆಂದರೆ ವರ್ಷಕ್ಕೊಮ್ಮೆ ಬಣ್ಣದ ಉಡುಪು ತೊಡಿಸಿ ಮೆರವಣಿಗೆ ಮಾಡಿಸುವುದಕ್ಕೆ ಸೀಮಿತವಾಗಬಾರದು. ಗೋಡೆಯ ಚಿತ್ರಗಳಲ್ಲಿ ಯಾವ ಮನೆ, ಯಾವ ಅಡುಗೆ, ಯಾವ ಕಸುಬುಗಳು ಕಾಣಿಸುತ್ತವೆ ಎಂಬುದು ಹೆಚ್ಚು ಮುಖ್ಯ. ಚಿತ್ರಪಟದಲ್ಲಿ ಯಾವಾಗಲೂ ಹೆಂಚಿನ ಮನೆ, ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವ ತಂದೆ, ಒಲೆಯ ಮುಂದಿರುವ ತಾಯಿ ಮಾತ್ರ ಇದ್ದರೆ, ತಗಡಿನ ಗುಡಿಸಲಿನಿಂದ ಬಂದ, ತಾಯಿಯೂ ಇಟ್ಟಿಗೆ ಹೊರುವ ಮನೆಯ ಮಗುವಿಗೆ ಅಲ್ಲಿ ತನ್ನ ಬದುಕಿನ ಗುರುತು ಸಿಗುವುದಿಲ್ಲ. ಮಕ್ಕಳೇ ಬಿಡಿಸಿದ ತಮ್ಮ ಮನೆಗಳ ಚಿತ್ರಗಳನ್ನು ಗೋಡೆಗೆ ಅಂಟಿಸುವುದು ಖರ್ಚಿಲ್ಲದ ಪರಿಹಾರ. ಹಬ್ಬಗಳ ವಿಷಯದಲ್ಲಿ, ಕೇಂದ್ರಕ್ಕೆ ಬರುವ ಎಲ್ಲ ಕುಟುಂಬಗಳ ಹಬ್ಬಗಳ ಪಟ್ಟಿ ಮಾಡಿ, ಒಂದನ್ನೂ ಬಿಡದೆ ಮಕ್ಕಳೊಂದಿಗೆ ಮಾತನಾಡುವುದು ಸೂಕ್ತ.

ಊಟದ ಸಾಲು

ಅಂಗನವಾಡಿಯ ಸಮಾನತೆ ನಿಜವಾಗಿ ಒರೆಗೆ ಬರುವುದು ಊಟದ ವೇಳೆಯಲ್ಲಿ. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಶಾಲೆಗಳ ಮಧ್ಯಾಹ್ನದ ಊಟದ ಯೋಜನೆಯಲ್ಲಿ ಅಡುಗೆಯವರನ್ನೂ ಸಹಾಯಕರನ್ನೂ ನೇಮಿಸುವಾಗ ದಲಿತರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗದವರಿಗೆ ಆದ್ಯತೆ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸೂಚಿಸಿತು. ಹೀಗಿದ್ದರೂ ದಲಿತ ಮಹಿಳೆ ಬೇಯಿಸಿದ ಅಡುಗೆಯನ್ನು ಮಕ್ಕಳು ಉಣ್ಣದಂತೆ ಪೋಷಕರು ತಡೆದ ಪ್ರಸಂಗಗಳು ದೇಶದ ಹಲವು ಭಾಗಗಳಿಂದ ವರದಿಯಾಗಿವೆ.

ಇಂಥ ಸಂದರ್ಭದಲ್ಲಿ ಕಾರ್ಯಕರ್ತೆ ಏನು ಮಾಡಬೇಕೆಂಬುದನ್ನು ತರಬೇತಿಯಲ್ಲಿಯೇ ಅಭಿನಯದ ಮೂಲಕ ಅಭ್ಯಾಸ ಮಾಡಿಸುವುದು ಅವಶ್ಯಕ. ಅಡುಗೆಯವಳನ್ನು ಬದಲಾಯಿಸಿ 'ಗಲಾಟೆ ತಪ್ಪಿಸುವುದು' ಸುಲಭವಾಗಿ ತೋರಿದರೂ ಅದು ಅನ್ಯಾಯಕ್ಕೆ ಒಪ್ಪಿಗೆ ಕೊಟ್ಟಂತೆ. ಕಾರ್ಯಕರ್ತೆ ತಾನೇ ಆ ಅಡುಗೆಯನ್ನು ಮಕ್ಕಳೊಡನೆ ಕುಳಿತು ಉಣ್ಣುವುದು, ಪೋಷಕರ ಮನೆಗೆ ಹೋಗಿ ಮಾತನಾಡುವುದು, ಬಾಲವಿಕಾಸ ಸಮಿತಿ ಮತ್ತು ಪಂಚಾಯಿತಿಯ ಸದಸ್ಯರನ್ನು ಊಟಕ್ಕೆ ಕರೆಯುವುದು, ಹಟ ಮುಂದುವರಿದರೆ ಮೇಲ್ವಿಚಾರಕಿ ಹಾಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತವಾಗಿ ತಿಳಿಸುವುದು ಸರಿಯಾದ ಕ್ರಮ. ಒಬ್ಬಂಟಿ ಕಾರ್ಯಕರ್ತೆಯ ಮೇಲೆ ಈ ಭಾರವನ್ನೆಲ್ಲ ಹೊರಿಸದೆ ಅಧಿಕಾರಿಗಳು ಅವಳ ಬೆಂಬಲಕ್ಕೆ ನಿಲ್ಲುವುದೂ ಅಷ್ಟೇ ಅಗತ್ಯ.

ದಿನನಿತ್ಯದ ಸಣ್ಣ ಸಂಗತಿಗಳಿಗೂ ಮಹತ್ವವಿದೆ. ಕೂರುವ ಸ್ಥಳವನ್ನು ದಿನವೂ ಬದಲಾಯಿಸಬೇಕು. ಬಡಿಸಲು ಮತ್ತು ನೀರು ಕೊಡಲು ಎಲ್ಲ ಮಕ್ಕಳಿಗೂ ಸರದಿ ಇರಬೇಕು. ಗುಡಿಸುವ ಕೆಲಸ ಒಂದೇ ಕೇರಿಯ ಮಕ್ಕಳಿಗೆ ಬೀಳಬಾರದು. ಒಂದು ಮಗುವಿನ ಮನೆಯ ಆಹಾರದ ಬಗ್ಗೆ ಇನ್ನೊಂದು ಮಗು ಮೂಗು ಮುರಿದರೆ ಅದನ್ನು ಕೇಳದಂತೆ ಇರದೆ, ಎಲ್ಲರ ಮನೆಯ ಅಡುಗೆಯ ಬಗೆಗೂ ಮಾತು ತೆಗೆಯಬೇಕು. ಜೋಳದ ರೊಟ್ಟಿ, ಭಾಕರಿ, ರಾಗಿ ಮುದ್ದೆ, ಇಡ್ಲಿ, ಮೀನಿನ ಸಾರು ಯಾವುದೇ ಆಗಲಿ, ಒಂದು ಮನೆಯ ಊಟ ಇನ್ನೊಂದಕ್ಕಿಂತ ಕೀಳಲ್ಲವೆಂಬುದನ್ನು ಮಕ್ಕಳು ಇಲ್ಲಿಯೇ ಅರಿಯಬೇಕು.

ಹೆಣ್ಣುಮಕ್ಕಳು ಮತ್ತು ವಿಕಲಚೇತನ ಮಕ್ಕಳು

ಅಡುಗೆಯ ಆಟ ಹುಡುಗಿಯರಿಗೆ, ಚೆಂಡು ಮತ್ತು ಗಾಡಿ ಹುಡುಗರಿಗೆ ಎಂಬ ವಿಂಗಡಣೆ ಅನೇಕ ಕೇಂದ್ರಗಳಲ್ಲಿ ತಾನಾಗಿಯೇ ಆಗಿಬಿಡುತ್ತದೆ. ಎಲ್ಲ ಆಟಿಕೆಗಳನ್ನೂ ಎಲ್ಲರಿಗೂ ಸರದಿಯಂತೆ ಕೊಡುವುದರಿಂದ ಇದನ್ನು ಸರಿಪಡಿಸಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. 2023ರ ನವೆಂಬರಿನಲ್ಲಿ ವಿಕಲಚೇತನ ಮಕ್ಕಳಿಗಾಗಿ ಅಂಗನವಾಡಿ ಶಿಷ್ಟಾಚಾರ ಸಂಹಿತೆಯೊಂದು ಪ್ರಕಟವಾಯಿತು. ಲಕ್ಷಣಗಳನ್ನು ಬೇಗ ಗುರುತಿಸುವುದು, ಮಗುವನ್ನು ಕೇಂದ್ರದ ಚಟುವಟಿಕೆಗಳಲ್ಲಿ ಸೇರಿಸಿಕೊಂಡು ಕುಟುಂಬಕ್ಕೆ ಧೈರ್ಯ ತುಂಬುವುದು, ಆಶಾ ಕಾರ್ಯಕರ್ತೆಯರ ಮೂಲಕ ಚಿಕಿತ್ಸೆಗೆ ಕಳುಹಿಸುವುದು ಇದರ ಮುಖ್ಯಾಂಶಗಳು. ನಡೆಯಲಾರದ ಮಗುವನ್ನು ಮೂಲೆಯಲ್ಲಿ ಕೂರಿಸಿ ಇತರರನ್ನು ಆಡಿಸುವ ಬದಲು, ಎಲ್ಲರೂ ಕುಳಿತು ಆಡುವ ಆಟವೊಂದನ್ನು ದಿನವೂ ಸೇರಿಸುವುದು ಶಿಕ್ಷಕಿಯ ಕೈಯಲ್ಲೇ ಇದೆ.

ಪೋಷಕರ ಪಾತ್ರ

ಮಗುವಿನ ಬಗ್ಗೆ ಅತಿ ಹೆಚ್ಚು ತಿಳಿದವರು ಅದರ ಮನೆಯವರು. ಕೂಲಿ ಕೆಲಸದ ತಾಯಂದಿರಿಗೆ ಹಗಲು ಹೊತ್ತಿನ ಸಭೆಗೆ ಬರಲಾಗದೆಂಬುದನ್ನು ಅರಿತು, ಸಂಜೆ ಅಥವಾ ವಾರದ ರಜೆಯ ದಿನ ಸಭೆ ನಡೆಸುವುದು ಒಳಿತು. ಕಟ್ಟಡ ಕಾರ್ಮಿಕರ ಮಕ್ಕಳ ನಡುವೆ ಈ ಬಗೆಯ ಕೆಲಸಕ್ಕೆ ದಾರಿ ತೋರಿಸಿದವರಲ್ಲಿ ಮೀರಾ ಮಹಾದೇವನ್ ಅವರು ಸ್ಮರಣೀಯರು. 1969ರಲ್ಲಿ ಅವರು ದೆಹಲಿಯಲ್ಲಿ ಆರಂಭಿಸಿದ ಮೊಬೈಲ್ ಕ್ರೆಶ್ ಸಂಸ್ಥೆಯು ತಾಯಂದಿರು ಕೆಲಸ ಮಾಡುವ ಸ್ಥಳಕ್ಕೇ ಶಿಶುವಿಹಾರವನ್ನು ಒಯ್ದಿತು. ಮುಂದೆ ಮುಂಬಯಿ ಮತ್ತು ಪುಣೆಗಳಲ್ಲಿಯೂ ಈ ಕೆಲಸ ಬೆಳೆಯಿತು.

ಹೊರರಾಜ್ಯಗಳಲ್ಲಿರುವ ಕನ್ನಡ ಕುಟುಂಬಗಳು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಬೇರೆ ರಾಜ್ಯದಿಂದ ಬಂದವರೆಂಬ ಕಾರಣಕ್ಕೆ ಮಗು ಅಂಗನವಾಡಿಯ ಸೇವೆಯಿಂದ ಹೊರಗುಳಿಯಬೇಕಾಗಿಲ್ಲ. 2021ರಲ್ಲಿ ಆರಂಭವಾದ ಪೋಷಣ್ ಟ್ರ್ಯಾಕರ್ ವ್ಯವಸ್ಥೆಯಲ್ಲಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ, ಬೇರೆ ರಾಜ್ಯಕ್ಕೂ, ಹೆಸರನ್ನು ವರ್ಗಾಯಿಸಿಕೊಳ್ಳುವ ಅವಕಾಶವಿದೆ. ಮಗುವನ್ನು ಸೇರಿಸುವಾಗ ಮನೆಮಾತು ಯಾವುದು, ಮಗುವನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ, ಅದು ಯಾವುದಕ್ಕೆ ಹೆದರುತ್ತದೆ ಎಂಬುದನ್ನು ಕಾರ್ಯಕರ್ತೆಗೆ ತಿಳಿಸಬೇಕು. ಸ್ಥಳೀಯ ಭಾಷೆ ಬೇಗ ಬರಲೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸುವ ಅಗತ್ಯವಿಲ್ಲ. ಮನೆಮಾತಿನಲ್ಲಿ ಗಟ್ಟಿಯಾಗಿ ಕಥೆ ಕೇಳಿದ, ಕಥೆ ಹೇಳಿದ ಮಗು ಎರಡನೆಯ ಭಾಷೆಗೂ ಆ ಸಾಮರ್ಥ್ಯವನ್ನು ಒಯ್ಯುತ್ತದೆ. ಇನ್ನು ನಗರಗಳ ಕನ್ನಡ ಸಂಘಗಳು ಸಮೀಪದ ಅಂಗನವಾಡಿಗೆ ಚಿತ್ರಪುಸ್ತಕಗಳನ್ನೂ ಪದಪಟ್ಟಿಯನ್ನೂ ಒದಗಿಸಿ, ವಾರಕ್ಕೊಮ್ಮೆ ಕಥೆ ಹೇಳುವವರನ್ನು ಕಳುಹಿಸಿದರೆ ಅದು ದೊಡ್ಡ ನೆರವಾಗುತ್ತದೆ.

ಅಡಚಣೆಗಳು

ಇವೆಲ್ಲವನ್ನೂ ಹೇಳುವಾಗ ಕಾರ್ಯಕರ್ತೆಯ ಸ್ಥಿತಿಯನ್ನು ಮರೆಯುವಂತಿಲ್ಲ. ಆಹಾರ ವಿತರಣೆ, ತೂಕ ನೋಡುವುದು, ಮನೆಭೇಟಿ, ಸಮೀಕ್ಷೆ, ವಹಿಗಳು ಮತ್ತು ಮೊಬೈಲಿನಲ್ಲಿ ಮಾಹಿತಿ ತುಂಬುವುದು ಇವುಗಳ ನಡುವೆ ಶಾಲಾಪೂರ್ವ ಶಿಕ್ಷಣಕ್ಕೆ ಉಳಿಯುವ ಸಮಯ ಸ್ವಲ್ಪವೇ. ಅವಳಿಗೆ ದೊರೆಯುವುದು ವೇತನವಲ್ಲ, ಗೌರವಧನ. ಮೂರು ವರ್ಷದವರೂ ಐದು ವರ್ಷದವರೂ ಒಂದೇ ಕೋಣೆಯಲ್ಲಿರುತ್ತಾರೆ.

ಮೂರು ದಿನಗಳ ಶಿಬಿರದಿಂದ ಪರಿಚಯ ದೊರೆಯಬಹುದು. ರೂಢಿ ಬದಲಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಶಿಬಿರದಲ್ಲಿ ಕಲಿತುದನ್ನು ಕೇಂದ್ರದಲ್ಲಿ ಪ್ರಯೋಗಿಸಿ, ತಿಂಗಳ ಸಭೆಯಲ್ಲಿ ಸಹೋದ್ಯೋಗಿಗಳೊಡನೆ ಚರ್ಚಿಸಿ, ಮೇಲ್ವಿಚಾರಕಿಯ ಭೇಟಿಯಲ್ಲಿ ಸಲಹೆ ಪಡೆಯುವ ಸರಣಿ ಇರಬೇಕು. ಮೇಲ್ವಿಚಾರಕಿಯ ಭೇಟಿ ವಹಿಗಳ ತಪಾಸಣೆಗೆ ಸೀಮಿತವಾದರೆ ಕಾರ್ಯಕರ್ತೆಯೂ ವಹಿಗಳಿಗೇ ಗಮನ ಕೊಡುತ್ತಾಳೆ. ಸಮಾನತೆಯ ಪಾಠ ಹೇಳುವ ಶಿಬಿರದಲ್ಲಿ ಸಹಾಯಕಿಯರನ್ನು ಹಿಂದಿನ ಸಾಲಿನಲ್ಲಿ ಕೂರಿಸುವುದೂ ತರವಲ್ಲ. ಶಿಬಿರದ ನಡವಳಿಕೆಯೇ ಶಿಬಿರಾರ್ಥಿಗಳಿಗೆ ಮೊದಲ ಪಾಠ.

ಕಾರ್ಯಕರ್ತೆ ಸಾಮಾನ್ಯವಾಗಿ ಅದೇ ಊರಿನ ಅಥವಾ ಅದೇ ಬಡಾವಣೆಯ ಮಹಿಳೆಯಾಗಿರುವುದು ಈ ವ್ಯವಸ್ಥೆಯ ದೊಡ್ಡ ಬಲ. ಮನೆಮನೆಯ ಸುಖದುಃಖ ಅವಳಿಗೆ ಗೊತ್ತು. ಅದೇ ಊರಿನ ಕಟ್ಟುಪಾಡುಗಳು ಅವಳನ್ನೂ ಬಿಗಿದಿರುತ್ತವೆ ಎಂಬುದೂ ನಿಜ. ಆ ಬಿಗಿತವನ್ನು ಸಡಿಲಿಸುವ ಧೈರ್ಯ ತರಬೇತಿಯಿಂದಲೂ ಸಮಾಜದ ಬೆಂಬಲದಿಂದಲೂ ಬರಬೇಕಾಗಿದೆ.

ಅಭ್ಯಾಸಕ್ಕಾಗಿ

ಪಾಠವನ್ನು ಮುಗಿಸುವ ಮುನ್ನ ತರಬೇತಿ ಪಡೆಯುವವರು ಈ ಪ್ರಶ್ನೆಗಳಿಗೆ ತಮ್ಮ ಕೇಂದ್ರದ ಅನುಭವದಿಂದ ಉತ್ತರ ಬರೆಯಬಹುದು.

1. ಕೇಂದ್ರದ ಮಕ್ಕಳ ಮನೆಮಾತುಗಳು ಎಷ್ಟು? ಪ್ರತಿಯೊಂದರಲ್ಲಿ ತಮಗೆ ತಿಳಿದಿರುವ ಹತ್ತು ಪದಗಳು ಯಾವುವು?
2. ಕಳೆದ ವಾರ ಒಮ್ಮೆಯೂ ಹೆಸರು ಹಿಡಿದು ಕರೆಯದ ಮಗು ಯಾವುದು? ಏಕೆ?
3. ಗೋಡೆಯ ಚಿತ್ರಗಳಲ್ಲಿ ಯಾವ ಮಗುವಿನ ಮನೆ ಕಾಣಿಸುತ್ತಿಲ್ಲ?
4. ಊಟದ ವೇಳೆಯಲ್ಲಿ ಯಾರು ಬಡಿಸುತ್ತಾರೆ, ಯಾರು ಎಲ್ಲಿ ಕೂರುತ್ತಾರೆ, ಯಾರು ಗುಡಿಸುತ್ತಾರೆ?
5. ಹೆಸರು ದಾಖಲಾಗಿದ್ದರೂ ಬಾರದ ಮಗುವಿನ ಮನೆಗೆ ಕೊನೆಯ ಬಾರಿ ಹೋದದ್ದು ಯಾವಾಗ?

ಐದನೆಯ ಪ್ರಶ್ನೆ ಮತ್ತೆ ಕೋಸಬಾಡದ ದಾರಿಗೇ ಕರೆದೊಯ್ಯುತ್ತದೆ. ಎಂಟು ದಶಕಗಳ ಹಿಂದೆ ಇಬ್ಬರು ಮಹಿಳೆಯರು ಬಾರದ ಮಕ್ಕಳನ್ನು ಹುಡುಕಿಕೊಂಡು ಅವರ ಅಂಗಳಕ್ಕೆ ಹೋದರು. ಇಂದು ಕಟ್ಟಡಗಳಿವೆ, ಪಠ್ಯಕ್ರಮವಿದೆ, ಕಾನೂನಿನ ಆಸರೆಯಿದೆ. ಇಷ್ಟಿದ್ದೂ ಮೂಲೆಯಲ್ಲಿ ಸುಮ್ಮನೆ ಕುಳಿತ ಮಗುವಿನ ಬಳಿಗೆ ಎದ್ದು ಹೋಗಿ, ಅದರ ಮಾತಿನಲ್ಲೇ 'ಬಾ' ಎಂದು ಕರೆಯಬಲ್ಲ ಶಿಕ್ಷಕಿಯಿಂದ ಮಾತ್ರ ಅಂಗನವಾಡಿ ಎಲ್ಲ ಮಕ್ಕಳ ಅಂಗಳವಾಗುತ್ತದೆ.